ಕಣ್ಣು ಮುಚ್ಚಿ ಹೇಳು

ಮೂರನೆಯದು ನೆನಪಿಗೆ ಬರಲಿಲ್ಲ. ಕರಿಹಲಗೆಯ ನೆತ್ತಿಯಲ್ಲಿ 'ಸಂವೇದನಾ ಗ್ರಾಹಕಗಳು: ವರ್ಗೀಕರಣ' ಎಂದು ಬರೆದು, ಅಡಿಗೆರೆ ಎಳೆದು, ಇರುವ ಜಾಗ ಹಿಡಿದು ನೋಡಿದರೆ ಮೂರು ಬಗೆ ಎಂದು ಗಟ್ಟಿಯಾಗಿ ಹೇಳಿ, ಹೊರಗಿನ ಸುದ್ದಿ ತರುವ ಹೊರಗ್ರಾಹಕಗಳು ಒಂದು, ಹೊಟ್ಟೆ ಕರುಳು ರಕ್ತನಾಳಗಳ ಸುದ್ದಿ ತರುವ ಒಳಗ್ರಾಹಕಗಳು ಎರಡು ಎಂದು ಬರೆದಾದ ಮೇಲೆ ಅವನ ಕೈಯ ಸೀಮೆಸುಣ್ಣ ಹಲಗೆಗೆ ಅಂಟಿಕೊಂಡೇ ನಿಂತುಬಿಟ್ಟಿತು. ನರ್ಸಿಂಗ್ ಕಾಲೇಜಿನಲ್ಲಿ ಶರೀರಶಾಸ್ತ್ರ ಹೇಳಿಕೊಡುತ್ತ ಕೂದಲು ಹಣ್ಣು ಮಾಡಿಕೊಂಡವನು ಅವನು. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಈ ಪಾಠ ಹೇಳಬಲ್ಲೆ ಎಂಬ ಜಂಬ ಇದ್ದವನು. ಬೆನ್ನ ಹಿಂದೆ ಪೆನ್ನುಗಳು ಒಂದೊಂದಾಗಿ ಸುಮ್ಮನಾದದ್ದು ಕೇಳಿಸಿತು. ಯಾರೋ ಕೆಮ್ಮಿದರು. ಮೂರು ಎಂಬ ಅಂಕಿ ಬರೆದು, ಪಕ್ಕದಲ್ಲೊಂದು ಚುಕ್ಕೆ ಇಟ್ಟು, ಆ ಚುಕ್ಕೆಯನ್ನೇ ತಿದ್ದಿ ತಿದ್ದಿ ದಪ್ಪ ಮಾಡಿದ. ಕೊನೆಗೆ ಮುಂದಿನ ಬೆಂಚಿನ ಕನ್ನಡಕದ ಹುಡುಗಿ, ಎಲ್ಲದಕ್ಕೂ ಮೊದಲು ಕೈ ಎತ್ತುವವಳು, ಪಾಪ ಅನ್ನುವ ದನಿಯಲ್ಲಿ, "ಸ್ವಗ್ರಾಹಕಗಳು, ಸರ್" ಎಂದಳು. ಹೌದು, ಸ್ವಗ್ರಾಹಕಗಳು ಎಂದು ಅವನು ಹಲಗೆಗೆ ಹೇಳಿದ. ಸ್ನಾಯುಗಳಲ್ಲಿ ಕೀಲುಗಳಲ್ಲಿ ಕೂತಿರುತ್ತವೆ. ಮೈಯ ಯಾವ ಭಾಗ ಎಲ್ಲಿದೆ, ಎತ್ತ ಬಾಗಿದೆ ಎಂದು ಮೈಗೇ ತಿಳಿಸುತ್ತವೆ. ದೀಪ ಆರಿಹೋದಾಗಲೂ ತುತ್ತು ಬಾಯಿಗೇ ಹೋಗುತ್ತದೆ, ಕಿವಿಗೆ ಹೋಗುವುದಿಲ್ಲ, ಅದು ಇವುಗಳ ಪುಣ್ಯ. ಪ್ರತಿ ವರ್ಷ ಈ ಮಾತಿಗೆ ತರಗತಿ ನಗುತ್ತಿತ್ತು. ಈ ವರ್ಷವೂ ನಕ್ಕಿತು. ಅವನೂ ವಾಡಿಕೆಯಂತೆ ಮುಗುಳ್ನಗಲು ಹೋದ, ಆದರೆ ತುಟಿ ಮಾತು ಕೇಳಲಿಲ್ಲ.

ಬೆಳಿಗ್ಗೆ ಅವನ ಹೆಂಡತಿ ಮಂಚದ ಅಂಚಿನಲ್ಲಿ ಕೂತು ತನ್ನ ಕಾಲನ್ನು ಹುಡುಕುತ್ತಿದ್ದಳು. ಹುಡುಕುವುದೆಂದರೆ ನಿಜವಾಗಿಯೂ ಹುಡುಕುವುದು: ಹೊದಿಕೆ ಸರಿಸಿ, ಬಗ್ಗಿ, ಓ ಇಲ್ಲಿದೆ ಎಂದು ಕಣ್ಣಲ್ಲೇ ಗುರುತು ಹಿಡಿದು, ಆಮೇಲೆ ಅದನ್ನು ಚಪ್ಪಲಿಯ ಕಡೆಗೆ ಕಳಿಸುವುದು. ಕಾಲಿನ ಬಲವೇನೂ ಹೋಗಿರಲಿಲ್ಲ. ತಾನೆಲ್ಲಿದ್ದೇನೆಂದು ಒಡತಿಗೆ ತಿಳಿಸುವುದನ್ನಷ್ಟೇ ಅದು ಬಿಟ್ಟಿತ್ತು. ಅವಳು ಕಣ್ಣು ಬೇರೆಡೆ ಹಾಯಿಸಿದರೆ ಸಾಕು, ಮಡಿಲಲ್ಲಿದ್ದ ಕೈಬೆರಳುಗಳು ತಮ್ಮಷ್ಟಕ್ಕೆ ತಾವು ಎದ್ದು ಗಾಳಿಯಲ್ಲಿ ಮೆಲ್ಲಗೆ ಅಲೆಯತೊಡಗುತ್ತಿದ್ದವು, ಬಿದ್ದ ಗುಂಡುಸೂಜಿ ತಡಕುವ ಹಾಗೆ. ಅವಳ ಅಕ್ಕ, ಅವನ ಅತ್ತಿಗೆ, ಕಪಾಟಿನಿಂದ ಬಟ್ಟೆ ತೆಗೆತೆಗೆದು ಸೂಟ್‌ಕೇಸಿಗೆ ತುಂಬುತ್ತಿದ್ದಳು. ಸ್ವಲ್ಪ ದಿನ ನಮ್ಮೂರಲ್ಲಿ ಇರಲಿ, ನನಗೂ ಮನೆಯಲ್ಲಿ ಮಾತಿಗೊಬ್ಬರಿದ್ದ ಹಾಗಾಗುತ್ತದೆ ಎಂದು ಅತ್ತಿಗೆ ನಿನ್ನೆ ಸಂಜೆ ಬಂದವಳೇ ಹೇಳಿದ್ದಳು. ಆದರೆ ಈ ಸೆಕೆಯಲ್ಲಿ ಉಣ್ಣೆಯ ಸ್ವೆಟರುಗಳೂ ಸೂಟ್‌ಕೇಸಿನೊಳಗೆ ಹೋಗುತ್ತಿದ್ದವು, ಎರಡೂ. ಅವನು ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಹೋಗಬೇಡ ಎಂದು ಹೇಳಬೇಕೆಂದುಕೊಂಡು ಬಾಯಿ ತೆರೆದ. ಹೊರಗೆ ಬಂದ ಮಾತು, "ಛತ್ರಿ ಇಡ್ಲಾ?" ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿ, ಬೇಡ ಎಂದಳು. ಗಾಡಿ ಮಧ್ಯಾಹ್ನ ಬರುತ್ತದೆ, ನೀವು ಪಾಠ ತಪ್ಪಿಸಬೇಡಿ, ಮುಗಿಸಿಕೊಂಡು ಬನ್ನಿ ಎಂದಳು. ಅದರಲ್ಲಿ ಕೊಂಕಿತ್ತೋ ಇಲ್ಲವೋ ತಿಳಿಯಲಿಲ್ಲ. ಹೆಂಡತಿ ಚಪ್ಪಲಿಯ ಕಡೆ ಹೊರಟ ಕಾಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವನೂ ಬುದ್ಧಿಯಿಲ್ಲದವನ ಹಾಗೆ ಚೀಲ ಹೆಗಲಿಗೇರಿಸಿಕೊಂಡು ಬಂದೇಬಿಟ್ಟ.

ಎರಡನೆಯ ವರ್ಗೀಕರಣ, ಯಾವುದಕ್ಕೆ ಮಿಡಿಯುತ್ತವೆ ಎನ್ನುವುದನ್ನು ಹಿಡಿದು, ಎಂದು ಅವನು ತರಗತಿಯ ಕಡೆ ತಿರುಗಿದ. ಒತ್ತು ಎಳೆತಗಳಿಗೆ ಮಿಡಿಯುವವು, ಬಿಸಿ ತಂಪಿಗೆ ಮಿಡಿಯುವವು, ರಾಸಾಯನಿಕಗಳಿಗೆ, ಬೆಳಕಿಗೆ, ಮತ್ತು ಕೊನೆಯದಾಗಿ ಮೈಗೆ ಪೆಟ್ಟು ಬಿತ್ತೆಂದು ಕೂಗುವ ನೋವಿನ ಗ್ರಾಹಕಗಳು. ಗ್ರಾಹಕ ಎಂಬ ಮಾತು ಕೇಳಿದಾಗಲೆಲ್ಲ ಮದುವೆಯಾದ ಹೊಸತರಲ್ಲಿ ಅವಳು ಮಾಡಿದ ತಮಾಷೆ ನೆನಪಾಗುತ್ತಿತ್ತು. ಅವಳು ಹೊಲಿಗೆಯವಳು; ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. "ನಿಮ್ಮ ಗ್ರಾಹಕರಾದ್ರೂ ಹೇಳಿದ ಹೊತ್ತಿಗೆ ಬರ್ತಾರಾ?" ಎಂದು ಹಲ್ಲಲ್ಲಿ ದಾರ ಕಡಿಯುತ್ತ ಕೇಳಿದ್ದಳು. ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಉಜ್ಜಿ, ಇದು ಎರಡು ಒಗೆತಕ್ಕೆ ಕುಗ್ಗುತ್ತೆ ಎಂದುಬಿಡುತ್ತಿದ್ದಳು, ಕುಗ್ಗಿಯೇ ಕುಗ್ಗುತ್ತಿತ್ತು. ಆ ಬೆರಳುಗಳೇ ಮೊದಲು ಕೈಕೊಟ್ಟದ್ದು. ಒಂದು ದಿನ ಊಟದ ಹೊತ್ತಿನಲ್ಲಿ, ಬೆರಳ ತುದಿಗೆ ಯಾರೋ ಅಂಟು ಬಳಿದ ಹಾಗಿದೆ ರೀ, ಎಂದಳು. ಅವನು ಓದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತದೆ, ತೊಳೆದುಕೋ ಎಂದ. ಹಾಗೆಂದದ್ದು ಈಗ ನೆನಪಾಗಿ ಮುಖ ಬಿಸಿಯಾಯಿತು. ಕನ್ನಡಕದ ಹುಡುಗಿ ಅವನ ಬಾಯನ್ನೇ ನೋಡುತ್ತ ಮುಂದಿನ ಮಾತಿಗೆ ಪೆನ್ನು ಹಿಡಿದು ಕಾಯುತ್ತಿದ್ದಳು.

ಆಮೇಲೆ ಬಡಾವಣೆಯ ಡಾಕ್ಟರರು ನೋಡಿ, ನರಗಳ ತೊಂದರೆ ಶುರುವಾಗಿರಬಹುದು, ಇಲ್ಲದೆಯೂ ಇರಬಹುದು, ಮಾತ್ರೆ ತೆಗೆದುಕೊಳ್ಳಲಿ, ಆದರೆ ಮೈಯ ಅರಿವು ಕಡಿಮೆಯಾಗುತ್ತ ಹೋದರೆ ಒಂದು ದಿನವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಬೇಗ ಹಿಡಿದರೆ ತಡೆಯಬಹುದು ಎಂದಿದ್ದರು. ನೋಡಿಕೊಳ್ಳುತ್ತಿರಿ ಎಂದಿದ್ದರು. ಆ ನೋಡಿಕೊಳ್ಳುವುದನ್ನು ಅವನು ತಲೆಯ ಮೇಲೆ ಹೊತ್ತುಕೊಂಡ. ತನ್ನ ವಿದ್ಯೆ ಇಷ್ಟು ವರ್ಷದಲ್ಲಿ ಮೊದಲ ಸಲ ಮನೆಗೆ ಉಪಯೋಗಕ್ಕೆ ಬಂತಲ್ಲ ಎಂದು, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಸಂತೋಷವೂ ಆಗಿತ್ತು. ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಅವಳು ಕುರ್ಚಿಯಲ್ಲಿ, ಅವನು ಎದುರಿಗೆ ಮೋಟು ಸ್ಟೂಲಿನಲ್ಲಿ, ಅವಳ ಪಾದ ಅವನ ತೊಡೆಯ ಮೇಲೆ. ಹತ್ತಿಯ ಎಳೆಯಿಂದ ಮುಟ್ಟಿ, ಈಗ? ಎನ್ನುವನು. ಹೂಂ, ಎನ್ನುವಳು. ಆಮೇಲೆ ಕಾಲ್ಬೆರಳನ್ನು ಎರಡೂ ಪಕ್ಕಗಳಲ್ಲಿ ಹಿಡಿದು, ಕಣ್ಣು ಮುಚ್ಚಿ ಹೇಳು, ಮೇಲೋ ಕೆಳಗೋ? ಎನ್ನುವನು. ಅವಳು ಕತ್ತನ್ನು ತುಸು ವಾರೆ ಮಾಡಿ, ಗಮನವಿಟ್ಟು, ಮೇಲೆ ಎನ್ನುವಳು. ಸರಿ. ಕೆಳಗೆ. ಸರಿ. ಮತ್ತೆ ಕೆಳಗೆ. ಸರಿ, ಸರಿ. ಒಂದೂ ತಪ್ಪಿಲ್ಲ. ಅವನು ಎದ್ದು ಕೈ ತೊಳೆಯುವಾಗ ಸಿಳ್ಳೆ ಹಾಕುತ್ತಿದ್ದ. ಬಡಾವಣೆಯ ಡಾಕ್ಟರರು ದಾರಿಯಲ್ಲಿ ಸಿಕ್ಕಾಗ, ಎಲ್ಲ ಹಾಗೇ ಇದೆ, ಚೂರೂ ಏರಿಲ್ಲ, ನಾನೇ ದಿನಾ ನೋಡ್ತೀನಲ್ಲ ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಅದೇ ದಿನಗಳಲ್ಲಿ ಹೊಲಿಗೆ ಯಂತ್ರದ ಸದ್ದು ಕಡಿಮೆಯಾಗುತ್ತ ಬಂದು ಒಂದು ದಿನ ನಿಂತೇಹೋಗಿತ್ತು. ಗಿರಾಕಿಗಳು ಕಡಿಮೆಯಾದರೇನೋ ಎಂದುಕೊಂಡಿದ್ದ. ಅವಳು ಗೋಡೆ ಹಿಡಿದು ನಡೆಯುತ್ತಿದ್ದುದನ್ನೂ ಕಂಡಿದ್ದ, ವಯಸ್ಸಾಯ್ತಲ್ಲ ಎಂದಿದ್ದ. ಪರೀಕ್ಷೆಯಲ್ಲಿ ಎಲ್ಲ ಸರಿಯಿರುವಾಗ ಕಣ್ಣಿಗೆ ಕಂಡದ್ದನ್ನು ನಂಬುವ ಜಾಯಮಾನ ಅವನದಲ್ಲ.

ಮೂರನೆಯದು, ಎಷ್ಟು ಬೇಗ ಒಗ್ಗಿಕೊಳ್ಳುತ್ತವೆ ಎನ್ನುವುದನ್ನು ಹಿಡಿದು, ಎಂದು ಹೇಳುವಷ್ಟರಲ್ಲಿ ಇಸ್ತ್ರಿಯ ವಾಸನೆ ಮೂಗಿಗೆ ಬಡಿದಂತಾಗಿ ಒಂದು ಕ್ಷಣ ಮೇಜು ಹಿಡಿದುಕೊಂಡ. ಕೆಲವು ದಿನಗಳ ಹಿಂದೆ ಅವನಿಗೆ ಆ ವಾಸನೆ ಬಂದದ್ದು ಬಚ್ಚಲಲ್ಲಿ. ಬಟ್ಟೆ ಸುಡ್ತಿದೆ ನೋಡೇ ಎಂದು ಅಲ್ಲಿಂದಲೇ ಕೂಗಿದ. ಅವಳು, ಎಲ್ಲಿ, ಏನೂ ಸುಡ್ತಿಲ್ವಲ್ಲ ಎಂದು ಸುತ್ತ ನೋಡಿದಳಂತೆ. ಸುಡುತ್ತಿದ್ದದ್ದು ಅವಳ ಎಡಗೈಯ ಅಂಚು. ಮೇಜಿನ ಮೇಲೆ ಊರಿದ ಕೈ ತಾನಾಗಿ ಜಾರಿ ಇಸ್ತ್ರಿ ಪೆಟ್ಟಿಗೆಗೆ ಒರಗಿ ಕೂತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿದ ಮೇಲೆ ನರರೋಗದ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಮೂಡದ ಎಳೆಯ ಮುಖದವನು, ಅವಳನ್ನು ಮಲಗಿಸಿ ಕಣ್ಣು ಮುಚ್ಚಿಸಿದ. ಪಕ್ಕದಲ್ಲಿ ನಿಂತಿದ್ದ ನರ್ಸು ಇವನ ಹಳೆಯ ವಿದ್ಯಾರ್ಥಿನಿ. ಸರ್ ಎಂದು ನಕ್ಕು, ಕುರ್ಚಿ ತಂದು ಹಾಕಿದ್ದಳು. ಡಾಕ್ಟರು ಹತ್ತಿಯ ಎಳೆ ಹಿಡಿದು, "ಈಗ?" ಎಂದ. ಅವಳು, "ಹೂಂ" ಎಂದಳು. ಹತ್ತಿಯ ಎಳೆ ಗಾಳಿಯಲ್ಲಿತ್ತು. ಕಾಲಿಗೂ ಅದಕ್ಕೂ ನಡುವೆ ಒಂದು ಅಂಗೈಯಷ್ಟು ಜಾಗವಿತ್ತು. "ಈಗ?" "ಹೂಂ." ಮತ್ತೆ ಗಾಳಿಯಲ್ಲೇ. ಮುಟ್ಟದೆಯೂ ಕೇಳಬೇಕು ಎಂಬುದು ಇವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಮುಟ್ಟಿದಾಗ ಮಾತ್ರ ಇವನು ಈಗ? ಎನ್ನುತ್ತಿದ್ದುದು. ಆಮೇಲೆ ಬೆರಳು. ಮೇಲೆತ್ತಿದರೆ ಕೆಳಗೆ ಎಂದಳು, ಇಳಿಸಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಲೆ... ಅಲ್ಲ, ಕೆಳಗೆ... ಎಂದು ತಡವರಿಸಿದಳು. ಕಣ್ಣು ಮುಚ್ಚಿಕೊಂಡೇ ತಲೆಯನ್ನು ಅತ್ತಿತ್ತ ಹೊರಳಿಸಿ ಗಂಡ ಎಲ್ಲಿದ್ದಾನೆಂದು ಹುಡುಕುತ್ತಿರುವಂತೆ ಕಂಡಿತು. ಡಾಕ್ಟರು ಹೊರಗೆ ಕರೆದು, ಇದು ನಿನ್ನೆ ಮೊನ್ನೆಯದಲ್ಲ, ಸ್ಪರ್ಶದ ಸುದ್ದಿ ಒಯ್ಯುವ ನರಗಳ ಬೇರುಗಂಟುಗಳೇ ಹೋಗಿವೆ, ಮೊದಲಲ್ಲೇ ಬಂದಿದ್ದರೆ ತಡೆಯಬಹುದಿತ್ತು, ಹೋದದ್ದನ್ನು ಇನ್ನು ತರುವುದಕ್ಕಾಗುವುದಿಲ್ಲ ಎಂದ. ಮನೆಯಲ್ಲಿ ಯಾರು ನೋಡ್ತಿದ್ದರು ಎಂದೂ ಕೇಳಿದ. ನಾನೇ, ಎಂದು ಇವನು ಹೇಳಿದಾಗ ಹಳೆಯ ವಿದ್ಯಾರ್ಥಿನಿ ಬೇರೆ ಕಡೆ ಮುಖ ಮಾಡಿ ಟ್ರೇಯಲ್ಲಿದ್ದ ಕತ್ತರಿಯನ್ನು ಸುಮ್ಮಸುಮ್ಮನೆ ಸರಿಯಾಗಿಟ್ಟಳು.

ಬೇಗ ಒಗ್ಗಿಕೊಳ್ಳುವವು ಮುಟ್ಟಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ಸುದ್ದಿ ಕಳಿಸಿ ನಡುವೆ ಸುಮ್ಮನಿರುತ್ತವೆ, ಎಂದು ಅವನ ಬಾಯಿ ಹೇಳುತ್ತಿತ್ತು. ಬೆಳಿಗ್ಗೆ ಹಾಕಿಕೊಂಡ ಬಟ್ಟೆ ಈಗ ಮೈಮೇಲಿದೆ ಎಂಬುದೇ ನಿಮಗೆ ಮರೆತಿದೆ ಅಲ್ಲವಾ? ಹುಡುಗಿಯರು ತಮ್ಮ ತಮ್ಮ ತೋಳು ನೋಡಿಕೊಂಡರು. ಆದರೆ ನೋವಿನವು ಒಗ್ಗಿಕೊಳ್ಳುವುದಿಲ್ಲ, ಎಂದ. ಯಾಕೆ ಸರ್ ಎಂದು ಯಾರೋ ಕೇಳಿದರು. ಒಗ್ಗಿಕೊಂಡರೆ ಬದುಕುವುದು ಹೇಗೆ, ಎಂದುಬಿಟ್ಟ. ಪುಸ್ತಕದಲ್ಲಿರುವುದೂ ಹೆಚ್ಚುಕಡಿಮೆ ಅದೇ. ಆಸ್ಪತ್ರೆಯಿಂದ ಬಂದ ದಿನ ಸಂಜೆ ಅವನು ಮಾಡಿದ್ದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಬಾಗಿಲು ಹಾಕಿದವನೇ ಸ್ಟೂಲು ಎಳೆದು ಕೂತು ಅವಳ ಪಾದ ತೊಡೆಯ ಮೇಲಿಟ್ಟುಕೊಂಡ. ಬೇಡ ರೀ, ಇವತ್ತು ಸುಸ್ತಾಗಿದೆ ಎಂದಳು. ಕಣ್ಣು ಮುಚ್ಚು ಎಂದ. ಮೇಲೆ, ಎಂದಳು. ಸರಿ. ಕೆಳಗೆ. ಸರಿ. ಅದೆಷ್ಟು ಸಲ ಕೇಳಿದನೋ, ಒಂದೂ ತಪ್ಪಲಿಲ್ಲ. ಅವನು ಗೆದ್ದವನ ಹಾಗೆ ಎದ್ದು ನಿಂತು, ನೋಡಿದ್ಯಾ, ಆ ಎಳಸಿಗೆ ಪರೀಕ್ಷೆ ಮಾಡೋದಕ್ಕೇ ಬರಲ್ಲ ಎಂದ. ಅವಳು ಕಣ್ಣು ಬಿಡಲಿಲ್ಲ. ಮುಚ್ಚಿದ ರೆಪ್ಪೆಗಳ ಕೆಳಗಿಂದ ನೀರು ಇಳಿಯುತ್ತಿತ್ತು. ಅದನ್ನು ಕಂಡೂ ಅವನು ಸುಮ್ಮನಾಗಲಿಲ್ಲ. ಅವಮಾನ ಅವನ ತಲೆಗೇರಿತ್ತು. "ಅಲ್ಲಿ ಯಾಕೆ ತಪ್ಪು ತಪ್ಪು ಹೇಳಿದೆ? ಬೇಕೂಂತಲೇ ಹೇಳಿದ್ಯಾ? ಆ ಹುಡುಗಿ ಎದುರಿಗೆ ನನ್ನ ಮಾನ ತೆಗೀಬೇಕು ಅಂತಲಾ?" ಎಂದು ಕೇಳಿದ. ಕೇಳಬಾರದ್ದನ್ನು ಕೇಳಿದೆ ಎಂದು ಕೇಳುವಾಗಲೇ ಗೊತ್ತಿತ್ತು. ಮಾರನೆಯ ಬೆಳಿಗ್ಗೆ ಚಹಾ ಆದ ಮೇಲೆ ಅವಳು ಸ್ಟೂಲಿನ ಎದುರು ಬಂದು ಕೂರದೆ, ಗೋಡೆ ಹಿಡಿದುಕೊಂಡು ಹೋಗಿ ಅಕ್ಕನಿಗೆ ಫೋನು ಮಾಡಿದಳು. ನಂಬರಿನ ಒಂದೊಂದು ಗುಂಡಿಯನ್ನೂ ನೋಡಿ ನೋಡಿ ಒತ್ತಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅವನು ಪತ್ರಿಕೆಯ ಹಿಂದಿನಿಂದ ಅದನ್ನು ನೋಡುತ್ತ ಕೂತಿದ್ದ.

ಮನೆಯಲ್ಲಿ ಎಲ್ಲ ಸರಿ, ಆಸ್ಪತ್ರೆಯಲ್ಲಿ ಎಲ್ಲ ತಪ್ಪು. ಈ ಕೆಲವು ದಿನಗಳಿಂದ ಅವನ ತಲೆಯಲ್ಲಿ ಇದೊಂದೇ ಗುಂಗಿಹುಳದ ಹಾಗೆ ಕೊರೆಯುತ್ತಿತ್ತು. ಸುಟ್ಟ ಕೈ ಸುಳ್ಳಲ್ಲ. ತೊಡೆಯ ಮೇಲೆ ಕಾಲಿಟ್ಟುಕೊಂಡು ಅವಳು ಹೇಳಿದ ಉತ್ತರಗಳೂ ಸುಳ್ಳಲ್ಲ. ಎರಡರಲ್ಲಿ ಒಂದು ಅವಳ ಹಟವಿರಬೇಕು ಎಂದು ಅವನ ಬುದ್ಧಿ ಹೇಳುತ್ತಿತ್ತು, ಅವಳು ಅಂಥವಳಲ್ಲ ಎಂದು ಅದೇ ಬುದ್ಧಿ ಮರುಕ್ಷಣ ಹೇಳುತ್ತಿತ್ತು. ಗಡಿಯಾರ ನೋಡಿಕೊಂಡ. ಪಾಠದ ಕೊನೆಗೆ ಪ್ರತಿ ವರ್ಷ ಮಾಡಿ ತೋರಿಸುವುದೊಂದು ಉಳಿದಿತ್ತು. ಇವತ್ತು ಬಿಡೋಣವೆಂದುಕೊಂಡ, ಆದರೆ ಎರಡನೆಯ ಸಾಲಿನ ದುಂಡುಮುಖದ ಹುಡುಗಿ ಆಗಲೇ ಎದ್ದು ಬಂದು ಮುಂದಿನ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಕೈ ಚಾಚಿಬಿಟ್ಟಿದ್ದಳು. ಅವಳ ತೋರುಬೆರಳನ್ನು ಎರಡೂ ಪಕ್ಕಗಳಲ್ಲಿ ಹಿಡಿದ. ಮೇಲೆ, ಸರ್. ಕೆಳಗೆ, ಸರ್. ಮೇಲೆ. ಮೇಲೆ. ಕೆಳಗೆ. ಎಷ್ಟೇ ಸೂಕ್ಷ್ಮವಾಗಿ ಅಲುಗಿಸಿದರೂ ಹುಡುಗಿ ತಪ್ಪಲಿಲ್ಲ. ಅಷ್ಟು ದುಃಖದ ನಡುವೆಯೂ ಮೇಷ್ಟರ ಹಾಳು ಹೆಮ್ಮೆ ತಲೆಯೆತ್ತಿತು; ನೋಡಿ, ನೂರಕ್ಕೆ ನೂರು ಎಂದ. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ಸದ್ದಾಯಿತು. ಒಬ್ಬಳು ಇನ್ನೊಬ್ಬಳ ಬಾಯಿ ಮುಚ್ಚಿದಳು. ಅವನಿಗೆ ರೇಗಿತು. ಏನದು ತಮಾಷೆ, ಎದ್ದು ನಿಂತು ಹೇಳಿ, ನಾವೂ ನಗುತ್ತೇವೆ ಎಂದ.

ಎದ್ದು ನಿಂತವಳು ತರಗತಿಗೇ ಎತ್ತರದವಳು. ನಿಂತರೆ ಫ್ಯಾನು ತಾಗೀತು ಎಂದು ಅವನೇ ಒಮ್ಮೆ ರೇಗಿಸಿದ್ದ. ಬೈಯಬಾರದು ಸರ್ ಎಂದು ಮೊದಲೇ ಕೇಳಿಕೊಂಡಳು. ಬೈಯುವುದಿಲ್ಲ ಎಂದ. "ಬೆರಳು ಮೇಲೆತ್ತೋವಾಗ ನೀವು ಉಸಿರು ಎಳ್ಕೋತೀರಿ ಸರ್. ಇಳಿಸೋವಾಗ ಬಿಡ್ತೀರಿ. ಇಲ್ಲಿ ತನಕ ಕೇಳಿಸುತ್ತೆ" ಎಂದಳು. ತರಗತಿ ಕಟ್ಟೆಯೊಡೆದಂತೆ ನಕ್ಕಿತು. ನಗು ಇಳಿದ ಮೇಲೆ, ಅವನ ಮುಖ ನೋಡಿ ಹೆದರಿದವಳಂತೆ, ಸೀನಿಯರ್‌ಗಳೆಲ್ಲ ಹೇಳಿಕೊಟ್ಟಿದ್ದಾರೆ ಸರ್, ಪ್ರಾಕ್ಟಿಕಲ್‌ನಲ್ಲಿ ಎಲ್ಲರಿಗೂ ಇದರಿಂದಲೇ ಪೂರ್ತಿ ಅಂಕ ಬರುವುದು ಎಂದು ಸೇರಿಸಿದಳು. ಹುಡುಗಿಯರು ತನ್ನನ್ನು ಕಮ್ಮಾರನ ಗಾಳಿಚೀಲದ ಹೆಸರಿಟ್ಟು ತಿದಿ ಮೇಷ್ಟ್ರು ಎನ್ನುತ್ತಾರೆಂದು ಅವನಿಗೆ ಬಹಳ ವರ್ಷಗಳಿಂದ ಗೊತ್ತಿತ್ತು. ಮೆಟ್ಟಿಲು ಹತ್ತಿ ಬರುವಾಗ ಏದುಸಿರು ಬಿಡುತ್ತೇನಲ್ಲ, ಅದಕ್ಕೆ ಎಂದುಕೊಂಡಿದ್ದ. ದುಂಡುಮುಖದ ಹುಡುಗಿಯ ಬೆರಳು ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನು ಮೆಲ್ಲಗೆ ಎತ್ತಿದ. ಆಗ ತನ್ನ ಮೂಗಿನಿಂದ ಸುಯ್ಯೆಂದು ಗಾಳಿ ಒಳಗೆ ಹೋದದ್ದು, ಹುಟ್ಟಿದಾಗಿನಿಂದ ಜೊತೆಗಿದ್ದ ಆ ಸದ್ದು, ಅವನಿಗೆ ಮೊದಲ ಸಲ ಕೇಳಿಸಿತು. ಕತ್ತನ್ನು ತುಸು ವಾರೆ ಮಾಡಿ ಕೂತ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿತು. ಗಮನವಿಟ್ಟು ಕಾಲಿನ ಸುದ್ದಿ ಕಾಯುತ್ತಿದ್ದಾಳೆ ಎಂದುಕೊಂಡಿದ್ದನಲ್ಲ. ಅವಳು ಕಿವಿಯನ್ನು ಅವನ ಕಡೆಗೆ ಕೊಟ್ಟಿದ್ದಳು. ಹುಡುಗಿಯ ಬೆರಳು ಬಿಟ್ಟು, ಮೇಜಿನ ಮೇಲಿದ್ದ ಚೀಲಕ್ಕೆ ಕೈ ಹಾಕಿ, ಬಾಯಿಗೆ ಏನು ಬಂತೋ ಅದನ್ನೇ ಹೇಳಿದ: ಪರೀಕ್ಷೆ ಮಾಡುವವರು ಉಸಿರು ಬಿಗಿಹಿಡಿಯಬೇಕು, ಬರೆದುಕೊಳ್ಳಿ. ನಲವತ್ತು ಪೆನ್ನುಗಳು ಬಗ್ಗಿ ಅದನ್ನು ಬರೆದುಕೊಂಡವು.

ಬೀದಿಯಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬಸ್ಸಿಗೆ ಕಾಯುವ ತಾಳ್ಮೆ ಇಲ್ಲದೆ ನಡೆಯತೊಡಗಿದ. ನಡೆಯುತ್ತ ಓಡಿದ, ಓಡುತ್ತ ನಿಂತ. ಬೀಗ ರಿಪೇರಿಯವನ ಗೂಡಂಗಡಿ, ಔಷಧಿ ಅಂಗಡಿ, ಕನ್ನಡಿ ಕತ್ತರಿಸುವವನ ಅಂಗಡಿ. ಅಲ್ಲಿ ಗೋಡೆಗೆ ಒರಗಿಸಿದ ಕನ್ನಡಿಗಳಲ್ಲಿ ಬಾಯಿ ತೆರೆದು ಉಸಿರಾಡುವ ಒಬ್ಬ ಮುದುಕ ಸಾಲಾಗಿ ಹಾದುಹೋದ. ಯಾವಾಗಿನಿಂದ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ? ಮೊದಮೊದಲು ತಿಳಿಯುತ್ತಿದ್ದಿರಬೇಕು. ಆಮೇಲೆ ಅರ್ಧ ಬೆರಳು, ಅರ್ಧ ಉಸಿರು. ಆಮೇಲೆ ಬರೀ ಉಸಿರು. ದಿನಾ ಬೆಳಿಗ್ಗೆ ಅವನು ಸಿಳ್ಳೆ ಹಾಕುತ್ತ ಕೈ ತೊಳೆಯುವಾಗ ಅವಳು ಆ ಕುರ್ಚಿಯಲ್ಲಿ ಕೂತು ಏನು ಯೋಚಿಸುತ್ತಿದ್ದಳು? ಒಂದು ಸಲ, ಒಂದೇ ಒಂದು ಸಲ ಅವಳು ತಪ್ಪು ಹೇಳಿದ್ದಳು, ಶುರುವಿನಲ್ಲಿ. ಅಂದು ಅವನು ಊಟ ಬಿಟ್ಟಿದ್ದ, ಸಂಜೆಯವರೆಗೆ ಯಾರೊಡನೆಯೂ ಮಾತಾಡಿರಲಿಲ್ಲ. ಮಾರನೆಯ ದಿನದಿಂದ ಅವಳು ತಪ್ಪಲಿಲ್ಲ. ತನ್ನ ಮೋರೆ ಸಪ್ಪಗಾಗದಿರಲೆಂದು ಅವಳು ಕೈಕಾಲುಗಳನ್ನು ಕಳೆದುಕೊಂಡಳು ಎಂದು ನೇರವಾಗಿ ಅಂದುಕೊಂಡಾಗ ಅವನಿಗೆ ರಸ್ತೆ ದಾಟಲಾಗಲಿಲ್ಲ. ಗಾಡಿಗಳು ಬೈಯುತ್ತ ಹೋದವು. ಅವಳು ಹೊರಟುಹೋಗಿದ್ದರೆ? ಗಾಡಿ ಆಗಲೇ ಬಂದಿದ್ದರೆ? ಕಾಲಿಗೆ ಬಿದ್ದಾದರೂ ನಿಲ್ಲಿಸಿಕೊಳ್ಳಬೇಕು ಎಂದುಕೊಂಡ.

ಗಾಡಿ ಬಂದಿತ್ತು. ಅತ್ತಿಗೆ ಕೆಳಗೆ ನಿಂತು ಚಾಲಕನಿಂದ ಸೂಟ್‌ಕೇಸು ಕಟ್ಟಿಸುತ್ತಿದ್ದಳು. ಅವನ ಬೆವರು, ಕೆದರಿದ ಕೂದಲು ನೋಡಿದಳು. ಮೇಲಿದ್ದಾಳೆ, ಇನ್ನೆರಡು ಚೀಲ ಕಟ್ಟೋದಿದೆ ಎಂದು ದಾರಿ ಬಿಟ್ಟಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಕ್ಕೆ ಹಳೆಯ ಪಂಚೆ ಹೊದಿಸಿತ್ತು. ಅವಳು ಕುರ್ಚಿಯಲ್ಲಿ ಹೊರಡುವ ಸೀರೆಯುಟ್ಟು ಕೂತಿದ್ದಳು. ಪಟ್ಟಿ ಕಟ್ಟಿದ ಕೈ ಮಡಿಲಲ್ಲಿ, ಕಣ್ಣು ಆ ಕೈಯ ಮೇಲೆ. ಅವನು ಬಾಗಿಲಲ್ಲಿ ನಿಂತು ಉಸಿರು ಹಿಡಿಯಲು ನೋಡಿದ. ಆಗಲಿಲ್ಲ.

"ಉಸಿರು," ಎಂದ. "ನನ್ನ ಉಸಿರು ಕೇಳಿಸ್ಕೊಂಡು ಹೇಳ್ತಿದ್ದೆ."

ಅವಳು ತಲೆಯೆತ್ತಿದಳು. ಕಳ್ಳತನ ಬಯಲಾದವಳ ಗಾಬರಿಯೇನೂ ಅವಳ ಮುಖದಲ್ಲಿರಲಿಲ್ಲ. ಯಾರು ಹೇಳಿದರು ಎಂದು ಕೇಳಿದಳು. ತರಗತಿಯಲ್ಲಿ ಒಬ್ಬ ಹುಡುಗಿ ಎಂದ. ಜಾಣೆ ಎಂದು ಅವಳು ನಕ್ಕಳು, ಬಹಳ ದಿನಗಳ ಮೇಲೆ. ಆ ನಗುವೇ ಅವನನ್ನು ಕುಸಿದು ಕೂರಿಸಿತು. ಸ್ಟೂಲು ಅಲ್ಲೇ ಇತ್ತು. ನನಗೆ ಹೇಳಬಹುದಿತ್ತಲ್ಲೇ, ಒಂದು ಮಾತು ಹೇಳಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗುತ್ತಿದ್ದೆವಲ್ಲ ಎಂದ. ಮೊದಲು ನಿಮ್ಮ ಮುಖ ನೋಡಿ ಹೇಳಲಿಲ್ಲ, ಎಂದಳು. ಅಷ್ಟು ಖುಷಿಯಾಗುತ್ತಿದ್ದಿರಿ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ದಿನ ಹೋಯಿತು. ಆಮೇಲೆ ಹೇಳಲು ಭಯವಾಯಿತು. ಆಸ್ಪತ್ರೆಯ ಭಯವಲ್ಲ.

"ಹೇಳಿದ್ರೆ ನೀವು ಉಸಿರು ಬಿಗಿ ಹಿಡೀತಿದ್ರಿ. ಆಮೇಲೆ ನನಗೆ ಏನು ಉಳೀತಿತ್ತು? ನೀವು ನನ್ನ ಹತ್ರ ಇದೀರಿ ಅಂತ ತಿಳಿಯೋದಕ್ಕೆ ಅದೊಂದೇ ಉಳಿದಿತ್ತು ರೀ."

ಅವನು ಅವಳ ಪಟ್ಟಿ ಕಟ್ಟದ ಕೈಯನ್ನು ಹಿಡಿದುಕೊಂಡ. ಹಿಡಿದದ್ದು ಗೊತ್ತಾಗಲೆಂದು ಎತ್ತಿ ಅವಳ ಕಣ್ಣಿನ ಎದುರು ತಂದ. ಹೋಗಬೇಡ ಎಂದ. ಬೆಳಿಗ್ಗೆಯಿಂದ ಬಾಯಿಗೆ ಬಾರದೆ ಉಳಿದ ಮಾತು ಈಗ ಸಲೀಸಾಗಿ ಬಂತು, ಎರಡು ಮೂರು ಸಲ ಬಂತು. ಅವಳು ತನ್ನ ಕೈಯನ್ನೂ ಅವನ ಕೈಯನ್ನೂ ನೋಡಿದಳು. ಇಲ್ಲಿದ್ದರೆ ನಾನು ದಿನಾ ಪಾಸಾಗಬೇಕು, ಎಂದಳು, ಸಾಕಾಗಿದೆ. ಅಕ್ಕ ಒಂದು ದಿನವೂ ಏನನ್ನೂ ಕೇಳುವುದಿಲ್ಲ. ಬಿದ್ದರೆ ಎತ್ತುತ್ತಾಳೆ, ಕಾಲು ಎಲ್ಲಿಟ್ಟಿದೀಯೇ ನೋಡ್ಕೋ ಎಂದು ಬೈಯುತ್ತಾಳೆ, ಅಷ್ಟೆ. ಇನ್ನು ಕೇಳುವುದಿಲ್ಲ, ಯಾವತ್ತೂ ಕೇಳುವುದಿಲ್ಲ ಎಂದು ಅವನು ಆಣೆ ಮಾಡಿದ. ಬಾಯಲ್ಲಿ ಕೇಳದಿದ್ದರೂ ಕಣ್ಣಲ್ಲಿ ಕೇಳ್ತೀರಿ, ನಿಮ್ಮನ್ನು ನಾನು ಕಾಣೆನಾ ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಆಮೇಲೆ ಅವಳೇ ಎಡಗಾಲನ್ನು ನೋಡಿ ಗುರುತು ಹಿಡಿದು, ಎತ್ತಿ, ಅವನ ತೊಡೆಯ ಮೇಲೆ ತಂದಿಟ್ಟಳು. "ಒಂದ್ಸಲ ನೋಡಿ. ಸರಿಯಾಗಿ ನೋಡಿ, ಆ ಡಾಕ್ಟರು ನೋಡಿದ ಹಾಗೆ. ನೀವೂ ತಿಳ್ಕೊಂಡುಬಿಡಿ" ಎಂದು ಕಣ್ಣು ಮುಚ್ಚಿದಳು.

ಅವನು ಬಾಯಿ ಮುಚ್ಚಿ, ಎದೆ ಬಿಗಿದು ಉಸಿರು ಹಿಡಿದ. ಹೆಬ್ಬೆರಳನ್ನು ಎರಡೂ ಪಕ್ಕಗಳಲ್ಲಿ ಹಿಡಿದು ಮೇಲೆತ್ತಿದ. ಕೋಣೆಯಲ್ಲಿ ಏನೂ ಸದ್ದಿರಲಿಲ್ಲ. ಅವಳು ಕತ್ತು ವಾರೆ ಮಾಡಿ ಕಾದಳು. ಕಾಯುತ್ತ ಕಾಯುತ್ತ ಅವಳ ಹುಬ್ಬುಗಳ ನಡುವೆ ಗೆರೆ ಮೂಡಿತು, ತುಟಿ ತುಸು ಬಿಚ್ಚಿತು; ಜಾತ್ರೆಯಲ್ಲಲ್ಲ, ತನ್ನ ಮನೆಯಲ್ಲೇ ತಪ್ಪಿಸಿಕೊಂಡವಳ ಮುಖ ಅದು. ಇಷ್ಟು ದಿನ ತೊಡೆಯ ಮೇಲೆ ಕಾಲಿಟ್ಟುಕೊಂಡು ಅವನು ಒಮ್ಮೆಯೂ ನೋಡದಿದ್ದ ಮುಖ. ಗೊತ್ತಾಗ್ತಿಲ್ಲ, ಎಂದಳು. ಬೆರಳನ್ನು ಇಳಿಸಿದ. ಗೊತ್ತಾಗ್ತಿಲ್ಲ. ಪಾದವನ್ನು ಎರಡೂ ಅಂಗೈಗಳಲ್ಲಿ ಗಟ್ಟಿಯಾಗಿ, ಬೇರೆ ಯಾರಿಗಾದರೂ ನೋಯುವಷ್ಟು ಗಟ್ಟಿಯಾಗಿ ಒತ್ತಿ ಹಿಡಿದ. ಅವಳು ಕಾಯುತ್ತಲೇ ಇದ್ದಳು. "ಶುರು ಮಾಡಿದ್ರಾ?" ಎಂದು ಕೇಳಿದಳು.

ಇನ್ನು ನೋಡಲಾಗಲಿಲ್ಲ. ಅವಳ ಪಾದವನ್ನು ತೊಡೆಯಿಂದ ಎತ್ತಿ, ಸದ್ದಾಗದ ಹಾಗೆ ನೆಲದ ಮೇಲಿಟ್ಟು ಕೈ ತೆಗೆದ. ಅವಳಿಗೆ ತಿಳಿಯಲಿಲ್ಲ. ಕತ್ತು ವಾರೆ ಮಾಡಿಕೊಂಡು, ಕಣ್ಣು ಮುಚ್ಚಿಕೊಂಡು, ಖಾಲಿ ಕೈಯಲ್ಲಿ ಕೂತ ಅವನೆದುರು ಹಾಗೇ ಕೂತಿದ್ದಳು. ಹಿಡಿದುಕೊಂಡ ಉಸಿರು ಅವನ ಎದೆಯಲ್ಲಿ ಉರಿಯುತ್ತಿತ್ತು. ತಡೆದ, ಇನ್ನೂ ತಡೆದ, ಕೊನೆಗೆ ತಡೆಯಲಾರದೆ ಬಿಟ್ಟುಬಿಟ್ಟ. ಅದು ಅಳುವಾಗಿ, ಉದ್ದವಾಗಿ, ಕೋಣೆ ತುಂಬುವಂತೆ ಹೊರಗೆ ಬಂತು.

"ಕೆಳಗೆ," ಎಂದಳು ಅವಳು.

ಅವಳ ಹುಬ್ಬಿನ ಗೆರೆ ಬಿಚ್ಚಿಕೊಂಡಿತ್ತು. ಮುಚ್ಚಿದ ಕಣ್ಣಿನ ಮುಖವನ್ನು ಅವನ ಕಡೆಗೇ ತಿರುಗಿಸಿ, ಮುಂದಿನದಕ್ಕೆ ಕಾಯುತ್ತಿದ್ದಳು. ಮೆಟ್ಟಿಲಲ್ಲಿ ಅತ್ತಿಗೆ ಹತ್ತಿ ಬರುವ ಸದ್ದು ಕೇಳಿಸುತ್ತಿತ್ತು.

"ಸರಿ," ಎಂದ ಅವನು.